ಕಂಟ್ರಿ ಸಂಗೀತದ ಮೊದಲ ಪ್ಲೇಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಳೇ ಕಂಟ್ರಿ ಹಾಡುಗಳ, ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡುಗಳ ಹುಚ್ಚು ನನಗಿದೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಇಲ್ಲಿರುವುದು ಸುಮಾರು 1922ರಿಂದ 1935ರ ತನಕದ ವಿಷಯ ಮಾತ್ರ. ದೊಡ್ಡ ಟೋಪಿ, ಮಿಂಚುವ ಅಂಗಿ, ಈ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ಪಟ್ಟಣದ ಥಳಕು ಎಲ್ಲ ಆಮೇಲಿನದು. ಪ್ಲೇಟು ಅಂದರೆ ಗ್ರಾಮಫೋನ್ ರೆಕಾರ್ಡು. ಮನೆಯಲ್ಲಿ ಅಜ್ಜ ಹಾಗೇ ಅನ್ನುತ್ತಿದ್ದರು, ನನಗೂ ಅದೇ ಬಾಯಿಗೆ ಬರುತ್ತದೆ.

ಮೊಟ್ಟಮೊದಲ ಕಂಟ್ರಿ ಪ್ಲೇಟು ಯಾವುದು?

ಸಾಮಾನ್ಯವಾಗಿ ಹೇಳುವುದು ಟೆಕ್ಸಸ್‌ನ ಎಕ್ ರಾಬರ್ಟ್‌ಸನ್ ಹೆಸರು. 1922ರ ಜೂನ್ 30ರಂದು ಅವನು ಮತ್ತು ಹೆನ್ರಿ ಗಿಲಿಲ್ಯಾಂಡ್ ಅನ್ನುವ ವಯಸ್ಸಾದ ಪಿಟೀಲುಗಾರ ನ್ಯೂಯಾರ್ಕಿನಲ್ಲಿದ್ದ ವಿಕ್ಟರ್ ಅನ್ನುವ ಪ್ಲೇಟು ಕಂಪನಿಯ ಸ್ಟುಡಿಯೊಗೆ ಹೋಗಿ ‘ಅರ್ಕನ್ಸಾ ಟ್ರಾವೆಲರ್’ ನುಡಿಸಿದರು. ಮಾರನೇ ದಿನ ರಾಬರ್ಟ್‌ಸನ್ ಒಬ್ಬನೇ ‘ಸ್ಯಾಲಿ ಗೂಡೆನ್’ ನುಡಿಸಿದ. ಒಂದು ಸಣ್ಣ ಮಟ್ಟನ್ನು ಹಿಡಿದು, ಪ್ರತಿ ಸುತ್ತಿಗೂ ಬೇರೆ ಬೇರೆ ರೀತಿ ತಿರುವುತ್ತಾ ಹೋಗುತ್ತಾನೆ. ನೂರು ವರ್ಷ ಕಳೆದರೂ ಅದನ್ನು ಕೇಳಿ ಪಿಟೀಲು ಕಲಿಯುವವರು ತಲೆ ಕೆರೆದುಕೊಳ್ಳುತ್ತಾರೆ. ಆದರೆ ಇಬ್ಬರನ್ನೂ ಯಾರೂ ಕರೆದಿರಲಿಲ್ಲ, ತಾವಾಗಿಯೇ ಹೋಗಿ ಬಾಗಿಲು ತಟ್ಟಿದ್ದು. ಇದರಿಂದ ದುಡ್ಡು ಹುಟ್ಟುತ್ತದೆ ಅಂತ ಕಂಪನಿಗೂ ಹೊಳೆಯಲಿಲ್ಲ.

ಹಾಗಾದರೆ ಎಲ್ಲರೂ ಫಿಡ್ಲಿನ್ ಜಾನ್ ಕಾರ್ಸನ್ ಹೆಸರು ಹೇಳುತ್ತಾರಲ್ಲ, ಅದು ಯಾಕೆ?

ಅವನ ಪ್ಲೇಟು ಮಾರಾಟವಾಯಿತು, ಅದಕ್ಕೆ!

ಈ ಕಥೆ ಶುರುವಾಗುವುದು ಜಾರ್ಜಿಯಾದ ಅಟ್ಲಾಂಟಾ ಪಟ್ಟಣದ ಒಂದು ಫರ್ನಿಚರ್ ಅಂಗಡಿಯಲ್ಲಿ. ಫರ್ನಿಚರ್ ಅಂಗಡಿಗೂ ಹಾಡಿಗೂ ಏನು ಸಂಬಂಧ ಅಂತೀರಾ? ಆ ಕಾಲದ ಗ್ರಾಮಫೋನು ಬೀರುವಿನಷ್ಟು ದೊಡ್ಡ ಮರದ ಸಾಮಾನು. ಮಂಚ, ಮೇಜು ಮಾರುವವನೇ ಅದನ್ನೂ ಮಾರುತ್ತಿದ್ದ. ಪೆಟ್ಟಿಗೆ ಕೊಂಡವರಿಗೆ ಹಾಕಿ ಕೇಳಲು ಪ್ಲೇಟು ಬೇಕಲ್ಲ, ಅದೂ ಅಲ್ಲೇ ಸಿಗುತ್ತಿತ್ತು. ಅಂಗಡಿ ನಡೆಸುತ್ತಿದ್ದ ಪೋಕ್ ಬ್ರಾಕ್‌ಮನ್‌ಗೆ ತನ್ನ ಗಿರಾಕಿಗಳ ರುಚಿ ಚೆನ್ನಾಗಿ ಗೊತ್ತಿತ್ತು. ಕಾರ್ಸನ್ ಹತ್ತಿ ಗಿರಣಿಯಲ್ಲಿ ದುಡಿದವನು. ಪಿಟೀಲು ಸ್ಪರ್ಧೆಗಳಲ್ಲಿ ಗೆದ್ದವನು. 1922ರಲ್ಲಿ ಶುರುವಾದ ಅಲ್ಲಿನ ಡಬ್ಲ್ಯುಎಸ್‌ಬಿ ರೇಡಿಯೊದಲ್ಲಿ ಹಾಡಿ ಹೆಸರಾಗಿದ್ದವನು. ಇವನನ್ನು ಮುದ್ರಿಸಿ ಅಂತ ಬ್ರಾಕ್‌ಮನ್ ಓಕೆ ಅನ್ನುವ ಪ್ಲೇಟು ಕಂಪನಿಯ ಹಿಂದೆ ಬಿದ್ದ.

1923ರ ಜೂನ್‌ನಲ್ಲಿ ಓಕೆ ಕಡೆಯಿಂದ ರಾಲ್ಫ್ ಪೀರ್ ಅಟ್ಲಾಂಟಾಗೆ ಬಂದ. ಕಾರ್ಸನ್ ‘ದಿ ಲಿಟಲ್ ಓಲ್ಡ್ ಲಾಗ್ ಕ್ಯಾಬಿನ್ ಇನ್ ದಿ ಲೇನ್’ ಹಾಡಿದ. ಹಿಂದಿನ ಬದಿಗೆ ಕೋಳಿ ಕೂಗುವ ಒಂದು ತಮಾಷೆ ಹಾಡು. ಪೀರ್‌ಗೆ ಆ ದನಿ ಘೋರ ಅನ್ನಿಸಿತು. ಬ್ರಾಕ್‌ಮನ್ ಬಿಡಲಿಲ್ಲ, 500 ಪ್ರತಿ ನನಗೇ ಕೊಡಿ ಅಂದ. ಕಂಪನಿ ತನ್ನ ಪಟ್ಟಿಯಲ್ಲಿ ಒಂದು ನಂಬರೂ ಕೊಡದೆ ಅಷ್ಟನ್ನು ಒತ್ತಿ ಕಳಿಸಿತು. ಕಾರ್ಸನ್ ಪಿಟೀಲು ಸಮ್ಮೇಳನದ ವೇದಿಕೆಯಲ್ಲಿ ಹಾಡಿದ, ಅಲ್ಲೇ ಪ್ಲೇಟು ಮಾರಿದರು. ನೋಡನೋಡುತ್ತ ಖಾಲಿ. ಆಮೇಲೆ ನಂಬರೂ ಬಂತು, ನ್ಯೂಯಾರ್ಕಿಗೆ ಕರೆಯೂ ಬಂತು. ಇನ್ನು ಕಳ್ಳಬಟ್ಟಿ ಕಾಯಿಸುವುದು ಬಿಟ್ಟು ಪ್ಲೇಟು ಮಾಡಬೇಕು ಅಂತ ಕಾರ್ಸನ್ ಅಂದನಂತೆ.

ಕಾರ್ಸನ್‌ನನ್ನು ತಮಾಷೆಯ ಮುದುಕ ಅಂತ ಮಾತ್ರ ಹೇಳಿ ಮುಗಿಸಿದರೆ ಅನ್ಯಾಯ. ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ಸಭೆಗಳಲ್ಲೂ ಅವನು ಪಿಟೀಲು ನುಡಿಸಿದ್ದ. ಹಾಡು ಇಷ್ಟವಾದ ಮಾತ್ರಕ್ಕೆ ಇದನ್ನು ಮುಚ್ಚಿಡಬೇಕಿಲ್ಲ.

ಆಗಲೂ ಇದನ್ನು ‘ಕಂಟ್ರಿ’ ಅಂತಲೇ ಕರೆಯುತ್ತಿದ್ದರಾ?

ಇಲ್ಲ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿತ್ತು. ಓಕೆಯವರು ‘ಹಳೇ ಕಾಲದ ಮಟ್ಟುಗಳು’ ಅಂದರು, ಕೊಲಂಬಿಯಾದವರು ‘ಪರಿಚಿತ ಮಟ್ಟುಗಳು, ಹಳೆಯವು ಮತ್ತು ಹೊಸವು’ ಅನ್ನುವ ಉದ್ದದ ಹೆಸರಿಟ್ಟರು. ಬಾಯಿಗೆ ಹತ್ತಿದ್ದು ಮಾತ್ರ ‘ಹಿಲ್‌ಬಿಲಿ’. 1925ರ ಜನವರಿಯಲ್ಲಿ ಆಲ್ ಹಾಪ್‌ಕಿನ್ಸ್ ಅನ್ನುವವನ ತಂಡ ನ್ಯೂಯಾರ್ಕಿನಲ್ಲಿ ಹಾಡಿ ಮುಗಿಸಿದಾಗ ನಿಮ್ಮ ತಂಡದ ಹೆಸರೇನು ಅಂತ ಪೀರ್ ಕೇಳಿದ. ನಾವು ಬೆಟ್ಟದ ಕಡೆಯ ಹಿಲ್‌ಬಿಲಿಗಳು, ಏನಾದರೂ ಹಾಕಿಕೊಳ್ಳಿ ಅಂದ ಹಾಪ್‌ಕಿನ್ಸ್. ಪೀರ್ ಅದನ್ನೇ ಹಾಕಿದ. ನಮ್ಮಲ್ಲಿ ‘ಹಳ್ಳಿ ಗಮಾರ’ ಅಂದರೆ ಹೇಗೋ ಹಾಗೆ. ತಮ್ಮನ್ನು ತಾವೇ ಅಂದುಕೊಂಡರೆ ತಮಾಷೆ, ಬೇರೆಯವರು ಅಂದರೆ ಬೈಗುಳ. ಎಷ್ಟೋ ಹಾಡುಗಾರರಿಗೆ ಆ ಹೆಸರು ಕೊನೆಯವರೆಗೂ ಇಷ್ಟವಾಗಲಿಲ್ಲ.

ಆ ವರ್ಷಗಳಲ್ಲಿ ಅತಿ ಜಾಸ್ತಿ ಮಾರಾಟವಾದ ಪ್ಲೇಟು ಯಾವುದು?

1924ರಲ್ಲಿ ವಿಕ್ಟರ್ ಕಂಪನಿಗೆ ವರ್ನನ್ ಡಾಲ್‌ಹಾರ್ಟ್ ಹಾಡಿದ್ದು. ಒಂದು ಬದಿಗೆ ‘ದಿ ರೆಕ್ ಆಫ್ ದಿ ಓಲ್ಡ್ 97’, ಇನ್ನೊಂದು ಬದಿಗೆ ‘ದಿ ಪ್ರಿಸನರ್ಸ್ ಸಾಂಗ್’. ಹತ್ತು ಲಕ್ಷ ದಾಟಿದ ಮೊದಲ ಕಂಟ್ರಿ ಪ್ಲೇಟು ಇದು ಅನ್ನುವುದರಲ್ಲಿ ಜಗಳವಿಲ್ಲ. 70 ಲಕ್ಷ ಅಂತಲೂ ಬರೆಯುತ್ತಾರೆ. ಅದು ಉಬ್ಬಿಸಿದ್ದು ಅಂತ ನನ್ನ ಅನುಮಾನ.

ಮಜಾ ಇರುವುದು ಹಾಡಿದವನಲ್ಲಿ. ಡಾಲ್‌ಹಾರ್ಟ್ ಹುಟ್ಟಿದ್ದು ಟೆಕ್ಸಸ್‌ನಲ್ಲಿ ನಿಜ, ಆದರೆ ಆಗ ಅವನು ನ್ಯೂಯಾರ್ಕಿನಲ್ಲಿ ಆಪೆರಾ ಹಾಡುತ್ತಿದ್ದ. ನಿಜ ಹೆಸರು ಮ್ಯಾರಿಯನ್ ಟ್ರೈ ಸ್ಲಾಟರ್. ವರ್ನನ್ ಒಂದು ಊರು, ಡಾಲ್‌ಹಾರ್ಟ್ ಇನ್ನೊಂದು ಊರು, ಎರಡೂ ಟೆಕ್ಸಸ್‌ನವು. ಎರಡನ್ನೂ ಸೇರಿಸಿ ಹೆಸರಿಟ್ಟುಕೊಂಡ. ಹಾಡುವ ಅವಕಾಶ ಕಡಿಮೆಯಾಗುತ್ತಿದ್ದ ಕಾಲಕ್ಕೆ ಹೆನ್ರಿ ವಿಟರ್ ಅನ್ನುವ ವರ್ಜೀನಿಯಾದ ಗಿರಣಿ ಕೆಲಸಗಾರನ ಪ್ಲೇಟು ಅವನ ಕೈಗೆ ಬಂತು. ಅದೇ ರೈಲು ಅಪಘಾತದ ಹಾಡು.

ಅಪಘಾತ ನಿಜವಾಗಿ ನಡೆದದ್ದು. 1903ರ ಸೆಪ್ಟೆಂಬರ್ 27ರಂದು ತಡವಾಗಿ ಓಡುತ್ತಿದ್ದ 97 ನಂಬರಿನ ಟಪಾಲು ರೈಲು ವರ್ಜೀನಿಯಾದ ಡ್ಯಾನ್‌ವಿಲ್ ಹತ್ತಿರದ ಸೇತುವೆಯಿಂದ ಕೆಳಗೆ ಬಿತ್ತು. 11 ಜನ ಸತ್ತರು. ಸುತ್ತಮುತ್ತಲಿನ ಗಿರಣಿ ಊರುಗಳಲ್ಲಿ ಅದರ ಮೇಲೆ ಹಾಡು ಕಟ್ಟಿದರು. ಮಟ್ಟು ಮಾತ್ರ ಹೊಸದಲ್ಲ, 1865ರಲ್ಲಿ ಬಂದಿದ್ದ ಒಂದು ಹಡಗಿನ ಹಾಡಿನದ್ದು. ಡಾಲ್‌ಹಾರ್ಟ್ ವಿಟರ್‌ನ ಪ್ಲೇಟನ್ನು ತಿರುಗಿಸಿ ತಿರುಗಿಸಿ ಕೇಳಿ ಸಾಲು ಬರೆದುಕೊಂಡ. ಚಾಲಕ ಇಳಿಜಾರಿನಲ್ಲಿ ‘ಏರ್‌ಬ್ರೇಕ್ಸ್’ ಕಳೆದುಕೊಂಡ ಅನ್ನುವ ಕಡೆ ಇವನು ಹಾಡುವುದು ‘ಆವರೇಜ್’ ಕಳೆದುಕೊಂಡ ಅಂತ. ಕಿವಿಗೆ ಹಾಗೆ ಕೇಳಿಸಿತು ಅನ್ನುವುದು ಬಹಳ ಜನರ ಮಾತು. ಆ ಪದ ಇವತ್ತಿಗೂ ಹಾಗೇ ಉಳಿದಿದೆ. ಹಾಡು ಬರೆದವನು ನಾನೇ ಅಂತ ಒಬ್ಬ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಕಂಪನಿಯ ಜೊತೆ ಬಡಿದಾಡಿದ, ಕೊನೆಗೆ ಸೋತ.

ಡಾಲ್‌ಹಾರ್ಟ್ ನೂರಕ್ಕೂ ಹೆಚ್ಚು ಸುಳ್ಳು ಹೆಸರುಗಳಲ್ಲಿ, ಬೇರೆ ಬೇರೆ ಕಂಪನಿಗಳಿಗೆ ಹಾಡಿದ. ಕೊನೆಗೆ ಜನ ಅವನನ್ನು ಮರೆತರು. 1948ರಲ್ಲಿ ತೀರಿಕೊಳ್ಳುವ ಕಾಲಕ್ಕೆ ಕನೆಕ್ಟಿಕಟ್‌ನ ಒಂದು ಹೋಟೆಲಿನಲ್ಲಿ ರಾತ್ರಿ ಪಾಳಿಯ ಗುಮಾಸ್ತನಾಗಿದ್ದ.

ಆ ಕಾಲದ ‘ನಂಬರ್ ಒನ್’ ಪಟ್ಟಿ ಎಲ್ಲಿ ಸಿಗುತ್ತದೆ?

ಸಿಗುವುದಿಲ್ಲ, ಇರಲೇ ಇಲ್ಲ. ಬಿಲ್‌ಬೋರ್ಡ್ ಪತ್ರಿಕೆ ಇಂಥ ಹಾಡುಗಳಿಗೆ ಪಟ್ಟಿ ಶುರು ಮಾಡಿದ್ದು 1944ರಲ್ಲಿ. ಅಂತರ್ಜಾಲದಲ್ಲಿ ‘1925ರ ನಂಬರ್ 1’ ಅಂತ ಕಂಡರೆ ಅದು ಯಾರೋ ಆಮೇಲೆ ಅಂದಾಜಿನಲ್ಲಿ ಕಟ್ಟಿದ್ದು. ಕೊಲಂಬಿಯಾದಂಥ ಕೆಲವು ಕಂಪನಿಗಳ ಹಳೇ ಲೆಕ್ಕ ಉಳಿದಿದೆ. ಅದರಿಂದ ಚಾರ್ಲಿ ಪೂಲ್ ಅನ್ನುವ ಬ್ಯಾಂಜೊ ನುಡಿಸುವ ಹಾಡುಗಾರನ 1925ರ ಮೊದಲ ಪ್ಲೇಟು ಒಂದು ಲಕ್ಷ ದಾಟಿತ್ತು ಅಂತ ಗೊತ್ತಾಗುತ್ತದೆ. ಇಂಥ ಹಾಡಿನ ಪ್ಲೇಟು ಲಕ್ಷ ಮುಟ್ಟುವುದೇ ಆಗ ದೊಡ್ಡ ಮಾತು.

ಇವೆಲ್ಲ ಬೆಟ್ಟದ ಜನ ತಲೆತಲಾಂತರದಿಂದ ಹಾಡಿಕೊಂಡು ಬಂದ ಜನಪದ ಹಾಡುಗಳು ತಾನೇ?

ಅರ್ಧ ನಿಜ. ಮಾರುವವರಿಗೂ ಕೊಳ್ಳುವವರಿಗೂ ಹಾಗೆ ನಂಬುವುದು ಇಷ್ಟವಿತ್ತು, ಅಷ್ಟೇ.

ಕಾರ್ಸನ್‌ನ ಆ ಮೊದಲ ಹಾಡನ್ನೇ ನೋಡಿ. ಅದನ್ನು 1871ರಲ್ಲಿ ವಿಲ್ ಹೇಸ್ ಅನ್ನುವವನು ನಾಟಕದ ರಂಗಕ್ಕೆ ಅಂತ ಬರೆದದ್ದು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಗುಲಾಮರ ವೇಷ ಹಾಕುತ್ತಿದ್ದ ರಂಗ ಅದು. ಕಾರ್ಟರ್ ಕುಟುಂಬದ (ಇವರ ವಿಷಯ ಮುಂದೆ ಬರುತ್ತದೆ) ‘ವೈಲ್ಡ್‌ವುಡ್ ಫ್ಲವರ್’ ಕೂಡ 1860ರ ಹೊತ್ತಿಗೆ ಅಚ್ಚಾಗಿ, ಉಳ್ಳವರ ಮನೆಯ ಪಿಯಾನೊ ಮುಂದೆ ಹಾಡಿಸಿಕೊಳ್ಳುತ್ತಿದ್ದ ಹಾಡು. ಎಪ್ಪತ್ತು ವರ್ಷ ಬಾಯಿಂದ ಬಾಯಿಗೆ ಹೋಗುವಾಗ ಅದರೊಳಗಿನ ಒಂದು ಹೂವಿನ ಹೆಸರು ಸವೆದು ಸವೆದು ಅರ್ಥವೇ ಇಲ್ಲದ ಸದ್ದಾಗಿದೆ. ಸಾರಾ ಕಾರ್ಟರ್ ಅದನ್ನು ಹಾಗೇ, ಪೂರ್ತಿ ನಂಬಿಕೆಯಿಂದ ಹಾಡುತ್ತಾಳೆ. ಅಪ್ಪಟ ಜನಪದ ಎಲ್ಲಿದೆ ಅಂತ ನನ್ನನ್ನು ಕೇಳಿದರೆ ಆ ತಪ್ಪು ಪದದಲ್ಲಿದೆ ಅಂತೀನಿ.

ಬೇಕೆಂದೇ ತಯಾರು ಮಾಡಿಸಿದ ಹಾಡುಗಳೂ ಇದ್ದವು. 1925ರ ಜನವರಿ ಕೊನೆಯಲ್ಲಿ ಕೆಂಟಕಿಯಲ್ಲಿ ಫ್ಲಾಯ್ಡ್ ಕಾಲಿನ್ಸ್ ಅನ್ನುವವನು ಗುಹೆಯೊಳಗೆ ಸಿಕ್ಕಿಹಾಕಿಕೊಂಡ. ದೇಶವೆಲ್ಲ ಪತ್ರಿಕೆ, ರೇಡಿಯೊ ಹಿಡಿದು ಕೂತಿತ್ತು. ಅವನು ಬದುಕಲಿಲ್ಲ. ಅದೇ ಫರ್ನಿಚರ್ ಅಂಗಡಿಯ ಬ್ರಾಕ್‌ಮನ್ ಅಟ್ಲಾಂಟಾದ ಕುರುಡ ಪಾದ್ರಿ ಆಂಡ್ರ್ಯೂ ಜೆಂಕಿನ್ಸ್‌ಗೆ ಹೇಳಿ ಅದರ ಮೇಲೆ ಹಾಡು ಬರೆಸಿದ. ಪಾದ್ರಿಗೆ ಸಿಕ್ಕಿದ್ದು 25 ಡಾಲರ್. ಅದೇ ಹಾಡನ್ನು ಡಾಲ್‌ಹಾರ್ಟ್ ಹಾಡಿದ ಮೇಲೆ ಪ್ಲೇಟು ಧಾರಾಳವಾಗಿ ಖರ್ಚಾಯಿತು. ಜಾತ್ರೆಯಲ್ಲಿ ಕೊಲೆ, ರೈಲು ಅಪಘಾತದ ಮೇಲೆ ಹಾಡು ಕಟ್ಟಿ ಪುಸ್ತಕ ಮಾರುವವರನ್ನು ಕಂಡವರಿಗೆ ಈ ವ್ಯಾಪಾರ ಬಿಡಿಸಿ ಹೇಳಬೇಕಿಲ್ಲ.

ಬ್ರಿಸ್ಟಲ್‌ನಲ್ಲಿ ನಡೆದದ್ದು ಏನು? ಅದಕ್ಕೆ ಯಾಕೆ ಅಷ್ಟು ಮಹತ್ವ?

ಬ್ರಿಸ್ಟಲ್ ಒಂದು ವಿಚಿತ್ರ ಊರು. ಮುಖ್ಯ ಬೀದಿಯ ನಡುವೆ ರಾಜ್ಯದ ಗಡಿ. ಈಚೆ ಟೆನೆಸಿ, ಆಚೆ ವರ್ಜೀನಿಯಾ. 1927ರ ಜುಲೈ 25ರಿಂದ ಆಗಸ್ಟ್ 5ರ ತನಕ ಅಲ್ಲಿನ ಟೋಪಿ ಕಂಪನಿಯೊಂದರ ಕಟ್ಟಡದಲ್ಲಿ ರಾಲ್ಫ್ ಪೀರ್ ಯಂತ್ರ ಹೂಡಿಕೊಂಡು ಕೂತ. ಈಗ ಅವನು ವಿಕ್ಟರ್ ಕಂಪನಿಯ ಕಡೆ. ಗೋಡೆಗೆ ಕಂಬಳಿ ತೂಗುಬಿಟ್ಟು ಸದ್ದು ತಡೆದರು. ದಪ್ಪ ಮೇಣದ ತಟ್ಟೆಯ ಮೇಲೆ ಹಾಡು ಕೊರೆಯಬೇಕು. ತಟ್ಟೆ ಒಂದೇ ವೇಗದಲ್ಲಿ ತಿರುಗಲು ಗೋಡೆ ಗಡಿಯಾರದ ಹಾಗೆ ತೂಕದ ಗುಂಡು ಇಳಿಬಿಟ್ಟಿದ್ದರು. 19 ತಂಡ, 76 ಮುದ್ರಣ. ಒಂದು ಹಾಡಿಗೆ 50 ಡಾಲರ್, ಮೇಲೆ ರಾಯಲ್ಟಿ. ಅರ್ನೆಸ್ಟ್ ಸ್ಟೋನ್‌ಮನ್ ಅನ್ನುವ ಬಡಗಿಗೆ ಹಿಂದಿನ ವರ್ಷ 3,600 ಡಾಲರ್ ರಾಯಲ್ಟಿ ಬಂದಿತ್ತು ಅಂತ ಸ್ಥಳೀಯ ಪತ್ರಿಕೆಯಲ್ಲಿ ಬಂದದ್ದೇ ತಡ, ಜನ ಪಿಟೀಲು, ಬ್ಯಾಂಜೊ ಹಿಡಿದು ಬೆಟ್ಟ ಇಳಿದರು.

ಆಗಸ್ಟ್ 1ರಂದು ಕಾರ್ಟರ್ ಕುಟುಂಬ ಬಂತು. ಎ.ಪಿ. ಕಾರ್ಟರ್, ಹೆಂಡತಿ ಸಾರಾ, ಅವನ ತಮ್ಮನ ಹೆಂಡತಿ ಮೇಬೆಲ್. ಮೇಬೆಲ್‌ಗೆ 18 ವರ್ಷ, ತುಂಬು ಬಸುರಿ. ಸಾರಾಳ ಹತ್ತಿರ ಮೊಲೆಹಾಲು ಕುಡಿಯುವ ಕೂಸು. ಅದನ್ನು ನೋಡಿಕೊಳ್ಳಲು ಜೊತೆಗೆ ಬಂದದ್ದು ದೊಡ್ಡ ಮಗಳು, ಅವಳೂ ಚಿಕ್ಕವಳೇ. ತಮ್ಮನ ಕಾರು ಎರವಲು ತಂದಿದ್ದರು, ದಾರಿಯಲ್ಲಿ ಟೈರು ಕೈಕೊಟ್ಟಿತ್ತು. ಎರಡು ದಿನದಲ್ಲಿ ಆರು ಹಾಡು. ಸಾರಾಳ ದನಿ ಕೇಳಿದ ತಕ್ಷಣ ಪೀರ್‌ಗೆ ಗೊತ್ತಾಯಿತಂತೆ. ನಿಮಗೂ ಗೊತ್ತಾಗುತ್ತದೆ. ಅದರಲ್ಲಿ ಅಲಂಕಾರವೇ ಇಲ್ಲ. ಮೇಬೆಲ್‌ಳ ಗಿಟಾರ್ ಕೂಡ ಕಿವಿಗೊಟ್ಟು ಕೇಳಿ: ಹೆಬ್ಬೆರಳಿನಲ್ಲಿ ದಪ್ಪ ತಂತಿಗಳ ಮೇಲೆ ರಾಗ, ಉಳಿದ ಬೆರಳಿನಲ್ಲಿ ತಾಳ. ಆಮೇಲೆ ಬಂದ ಗಿಟಾರುಗಾರರು ಇದನ್ನು ಕಲಿಯದೆ ಮುಂದೆ ಹೋಗಲಿಲ್ಲ.

ಆಗಸ್ಟ್ 4ಕ್ಕೆ ಜಿಮ್ಮಿ ರಾಜರ್ಸ್. ಹಿಂದಿನ ರಾತ್ರಿ ತಂಡದವರ ಜೊತೆ ಜಗಳವಾಗಿ ಒಬ್ಬನೇ ಬಂದಿದ್ದ. ಎರಡು ಹಾಡು ಹಾಡಿ 100 ಡಾಲರ್ ತೆಗೆದುಕೊಂಡು ಹೋದ.

ಪೀರ್‌ನ ಜಾಣತನ ಸಂಬಳದಲ್ಲಿ ಇರಲಿಲ್ಲ. ಹಾಡಿನ ಹಕ್ಕು ನನಗಿರಲಿ ಅಂತ ಅವನು ವಿಕ್ಟರ್ ಜೊತೆ ಮಾತಾಡಿಕೊಂಡಿದ್ದ. ಹಾಗಾಗಿ ಬೇರೆ ಯಾರದ್ದೂ ಹಕ್ಕಿಲ್ಲದ ಹಾಡು ಅವನಿಗೆ ಬೇಕಿತ್ತು, ಕೇಳಿದರೆ ಹಳೆಯದು ಅನ್ನಿಸಬೇಕು, ದಾಖಲೆಯಲ್ಲಿ ಹೊಸದಾಗಿರಬೇಕು. ಎ.ಪಿ. ಕಾರ್ಟರ್ ಊರೂರು ಸುತ್ತಿ, ಮನೆ ಮನೆ ಹೊಕ್ಕು ಹಾಡು ಹುಡುಕಿದ್ದು ಇದೇ ಕಾರಣಕ್ಕೆ. ಹಳೇ ಹಾಡನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ತನ್ನ ಹೆಸರು ಹಾಕುತ್ತಿದ್ದ. ಕಳ್ಳತನವಾ, ಕಾಪಾಡಿದ್ದಾ? ಎರಡೂ.

ರಾಜರ್ಸ್ ನಡುವೆ ನಡುವೆ ‘ಓಡಲೇ’ ಅಂತ ಕೂಗುತ್ತಾನಲ್ಲ, ಅದೇನು?

ಯೋಡ್ಲಿಂಗ್. ಎದೆಯ ದನಿಯಿಂದ ಕಳ್ಳದನಿಗೆ ಫಕ್ಕನೆ ಹಾರಿ ಮತ್ತೆ ಇಳಿಯುವುದು. ಅವನು ಮೊದಲಿಗನೇನೂ ಅಲ್ಲ, ಆದರೆ ಅದನ್ನು ಕಪ್ಪು ಜನರ ಬ್ಲೂಸ್ ಹಾಡಿಗೆ ಹೊಂದಿಸಿದ ರೀತಿ ಅವನದೇ. 1927ರ ನವೆಂಬರ್ 30ರಂದು ಮುದ್ರಿಸಿದ ‘ಬ್ಲೂ ಯೋಡೆಲ್’ ಮುಂದಿನ ವರ್ಷ ಹೊರಬಂದು ಅವನನ್ನು ತಾರೆ ಮಾಡಿತು. ಮಿಸಿಸಿಪ್ಪಿಯ ಮೆರಿಡಿಯನ್ ಊರಿನವನು, ರೈಲಿನಲ್ಲಿ ಬ್ರೇಕ್‌ಮನ್ ಆಗಿದ್ದವನು. ಟಿ.ಬಿ. ಬಂದು ಆ ಕೆಲಸ ಹೋಯಿತು. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಕೊನೆಯ ಸಲ ಹಾಡುವಾಗ ಸ್ಟುಡಿಯೊದಲ್ಲಿ ಮಡಚುವ ಮಂಚ ಹಾಕಿಸಿದ್ದರು. ಒಂದು ಹಾಡು, ಸ್ವಲ್ಪ ಮಲಗುವುದು, ಮತ್ತೆ ಒಂದು ಹಾಡು. 24ಕ್ಕೆ ಮುಗಿಸಿದ, 26ಕ್ಕೆ ಹೋಟೆಲ್ ಕೋಣೆಯಲ್ಲಿ ತೀರಿಕೊಂಡ. 35 ವರ್ಷ.

ಅವನ ಪ್ಲೇಟುಗಳು ಎಲ್ಲಿಯವರೆಗೆ ಹೋದವು ಅಂದರೆ, 1950ರಲ್ಲಿ ಕೀನ್ಯಾದ ಕಿಪ್ಸಿಗಿಸ್ ಹುಡುಗಿಯರು ‘ಚೆಮಿರೋಚಾ’ ಅನ್ನುವವನ ಮೇಲೆ ಹಾಡುವುದನ್ನು ಆಫ್ರಿಕಾದ ಹಾಡುಗಳನ್ನು ಸಂಗ್ರಹಿಸುತ್ತಿದ್ದ ಹ್ಯೂ ಟ್ರೇಸಿ ಮುದ್ರಿಸಿಕೊಂಡ. ಜಿಮ್ಮಿ ರಾಜರ್ಸ್ ಅನ್ನುವುದೇ ಆ ನಾಲಿಗೆಯಲ್ಲಿ ಚೆಮಿರೋಚಾ ಆಗಿತ್ತು.

ಇದು ಬಿಳಿಯರ ಸಂಗೀತವಾ?

ಪಟ್ಟಿ ಮಾಡಿದವರು ಹಾಗೆ ಮಾಡಿದರು. ಕೊಲಂಬಿಯಾದಲ್ಲಿ ಕಪ್ಪು ಜನರ ಪ್ಲೇಟಿಗೆ 14000ದ ಸಾಲು, ಬಿಳಿ ಹಳ್ಳಿಗರ ಪ್ಲೇಟಿಗೆ 15000ದ ಸಾಲು. ಅಂಗಡಿಯ ಕಪಾಟೂ ಬೇರೆ. ಹಾಡುಗಳಿಗೆ ಆ ಗೋಡೆ ಇರಲಿಲ್ಲ. ಬ್ಯಾಂಜೊದ ಬೇರೇ ಆಫ್ರಿಕಾದಲ್ಲಿದೆ. ಎ.ಪಿ. ಕಾರ್ಟರ್ ಹಾಡು ಹುಡುಕಲು ಹೋಗುವಾಗ ಜೊತೆಗಿದ್ದದ್ದು ಲೆಸ್ಲಿ ರಿಡಲ್ ಅನ್ನುವ ಕಪ್ಪು ಗಿಟಾರುಗಾರ. ಎ.ಪಿ. ಸಾಲು ಬರೆದುಕೊಳ್ಳುತ್ತಿದ್ದ, ರಿಡಲ್ ಮಟ್ಟು ನೆನಪಿಟ್ಟುಕೊಳ್ಳುತ್ತಿದ್ದ. 1930ರ ಜುಲೈನಲ್ಲಿ ರಾಜರ್ಸ್ ಹಾಡಿದ ‘ಬ್ಲೂ ಯೋಡೆಲ್ ನಂಬರ್ 9’ರಲ್ಲಿ ಕಹಳೆ ಊದಿದ್ದು ಕಪ್ಪು ಜಾಜ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್. ಪ್ಲೇಟಿನ ಲೇಬಲ್ ಮೇಲೆ ಅವನ ಹೆಸರೇ ಇಲ್ಲ.

ಬರೀ ಹಾಡುಗಳೇ ಇದ್ದವಾ?

ಇಲ್ಲ, ಮಾತಿನ ಪ್ಲೇಟುಗಳೂ ಚೆನ್ನಾಗಿ ಹೋದವು. ಜಾರ್ಜಿಯಾದ ಸ್ಕಿಲೆಟ್ ಲಿಕರ್ಸ್ ತಂಡ ಕಳ್ಳಬಟ್ಟಿ ಕಾಯಿಸುತ್ತಾ ಹರಟೆ ಹೊಡೆಯುವ ಸಣ್ಣ ನಾಟಕವನ್ನು 1927ರಿಂದ ಕಂತು ಕಂತಾಗಿ ತಂದಿತು. ಪಾನನಿಷೇಧದ ಕಾಲ ಅದು, ಕೇಳುವವರಿಗೆ ಇನ್ನೂ ಮಜಾ.

ಅಷ್ಟು ಕರಕರ ಯಾಕೆ? ಮೂರೇ ನಿಮಿಷ ಯಾಕೆ?

ಹತ್ತು ಇಂಚಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿದರೆ ಮೂರು ನಿಮಿಷ, ಸ್ವಲ್ಪ ಮೇಲೆ. ಅಷ್ಟೇ ಜಾಗ. ಊರಿನಲ್ಲಿ ಇಪ್ಪತ್ತು ಚರಣ ಹಾಡುವವರು ಇಲ್ಲಿ ಐದಕ್ಕೆ ನಿಲ್ಲಿಸಬೇಕು. 1925ರ ತನಕ ಮೈಕೂ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಕೂಗಬೇಕಿತ್ತು. ಕಾರ್ಸನ್ ದೂರದ ಬಾವಿಯೊಳಗಿಂದ ಹಾಡಿದ ಹಾಗೆ, ಕಾರ್ಟರ್ ಕುಟುಂಬ ಪಕ್ಕದ ಕೋಣೆಯಲ್ಲಿ ಹಾಡಿದ ಹಾಗೆ ಕೇಳುವುದು ಇದಕ್ಕೇ.

ಇನ್ನು ಕರಕರ. ಈ ಪ್ಲೇಟುಗಳು ಪ್ಲಾಸ್ಟಿಕ್ ಅಲ್ಲ, ಅರಗು. ಅದಕ್ಕೆ ಕಲ್ಲಿನ ಪುಡಿ, ಮಸಿ ಸೇರಿಸಿ ಒತ್ತಿದ್ದು. ಉಕ್ಕಿನ ಮುಳ್ಳು ಆ ಕಲ್ಲಿನ ಪುಡಿಯ ಮೇಲೆ ಉಜ್ಜುವಾಗ ಬರುವ ಸದ್ದು ಅದು. ಜಗತ್ತಿಗೆ ಆಗ ಅರಗು ಹೋಗುತ್ತಿದ್ದದ್ದು ಬಹುಪಾಲು ನಮ್ಮ ದೇಶದಿಂದ, ಛೋಟಾನಾಗಪುರದ ಕಾಡುಗಳ ಕಡೆಯಿಂದ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಇದೇ ಅರಗಿನಿಂದ. ವರ್ಜೀನಿಯಾದ ಬೆಟ್ಟದ ಹಾಡು ಉಳಿದದ್ದು ನಮ್ಮ ಕಾಡಿನ ಹುಳದ ಅಂಟಿನಲ್ಲಿ, ನೋಡಿ.

ಈ ಅಬ್ಬರ ಯಾವಾಗ ನಿಂತಿತು?

1929ರ ಷೇರು ಪೇಟೆ ಕುಸಿತದ ಮೇಲೆ. ಅಮೆರಿಕದಲ್ಲಿ 1927ರಲ್ಲಿ ಎಲ್ಲ ಬಗೆಯದೂ ಸೇರಿ 10 ಕೋಟಿಗೂ ಹೆಚ್ಚು ಪ್ಲೇಟು ಮಾರಾಟವಾಗಿದ್ದವು, 1932ಕ್ಕೆ 60 ಲಕ್ಷಕ್ಕೆ ಇಳಿಯಿತು. 75 ಸೆಂಟ್ ಕೊಟ್ಟು ಪ್ಲೇಟು ತರುವುದಕ್ಕಿಂತ ರೇಡಿಯೊ ಕೇಳುವುದು ವಾಸಿ ಅನ್ನಿಸಿತು. ಚಾರ್ಲಿ ಪೂಲ್ 1931ರಲ್ಲಿ ಕುಡಿದು ಕುಡಿದು ಸತ್ತ. ಅಗ್ಗದ 35 ಸೆಂಟಿನ ಪ್ಲೇಟುಗಳು ಬಂದ ಮೇಲೆ ವ್ಯಾಪಾರ ಮತ್ತೆ ಚೇತರಿಸಿತು. ಆದರೆ ಅಷ್ಟರಲ್ಲಿ ಬೆಟ್ಟದವರ ಜಾಗಕ್ಕೆ ಕೌಬಾಯ್ ಬಂದಿದ್ದ. 1935ರಲ್ಲಿ ಪ್ಯಾಟ್ಸಿ ಮೊಂಟಾನಾ ಅನ್ನುವ ಹಾಡುಗಾರ್ತಿ ಹಾಡಿದ್ದೂ ಕೌಬಾಯ್‌ನ ಗೆಳತಿ ಆಗಬೇಕು ಅಂತಲೇ.

ಎಲ್ಲಿಂದ ಶುರು ಮಾಡಲಿ? ದುಡ್ಡು ಕೊಡಬೇಕಾ?

ಕಾರ್ಸನ್‌ನಿಂದ ಶುರು ಮಾಡಬೇಡಿ, ಓಡಿಹೋಗುತ್ತೀರಿ. ಮೊದಲು ಕಾರ್ಟರ್ ಕುಟುಂಬದ ‘ವೈಲ್ಡ್‌ವುಡ್ ಫ್ಲವರ್’, ಆಮೇಲೆ ರಾಜರ್ಸ್‌ನ ‘ವೇಟಿಂಗ್ ಫಾರ್ ಎ ಟ್ರೈನ್’, ಆಮೇಲೆ ಚಾರ್ಲಿ ಪೂಲ್. ಕಿವಿ ಪಳಗಿದ ಮೇಲೆ ಎಕ್ ರಾಬರ್ಟ್‌ಸನ್. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲೂ ಇಂಟರ್ನೆಟ್ ಆರ್ಕೈವ್‌ನಲ್ಲೂ ಹಳೇ ಪ್ಲೇಟುಗಳು ಪುಕ್ಕಟೆ ಸಿಗುತ್ತವೆ. ಅಲ್ಲಿನ ಕಾನೂನಿನ ಪ್ರಕಾರ 1923ರಿಂದ 1946ರೊಳಗೆ ಬಂದ ಮುದ್ರಣಕ್ಕೆ ನೂರು ವರ್ಷ ಹಕ್ಕು. ಹಾಗಾಗಿ ಪ್ರತಿ ಜನವರಿ 1ಕ್ಕೆ ಒಂದೊಂದು ವರ್ಷದ ಪ್ಲೇಟುಗಳು ಬಿಡುಗಡೆಯಾಗುತ್ತಾ ಬರುತ್ತಿವೆ.

ನನ್ನ ಹತ್ತಿರ ಒಂದು ಹಳೇ ಪ್ಲೇಟು ಇದೆ. ಹೇಗೆ ಕಾಪಾಡಲಿ?

ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಈಗಿನ ಎಲ್‌ಪಿ ಮುಳ್ಳಿನಲ್ಲಿ ಹಾಕಬೇಡಿ. ಹಳೇ ಪ್ಲೇಟಿನ ಗೀರು ಎಲ್‌ಪಿಯದಕ್ಕಿಂತ ಅಗಲ, 78ರದ್ದೇ ಬೇರೆ ಮುಳ್ಳು ಬರುತ್ತದೆ. ತೊಳೆಯಲು ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ ಸಾಕು. ಲೇಬಲ್‌ಗೆ ನೀರು ತಾಕಿಸಬೇಡಿ.

ಸ್ಪಿರಿಟ್ ಮಾತ್ರ ಬೇಡವೇ ಬೇಡ. ಅಮೆರಿಕದಲ್ಲಿರುವ ಅಕ್ಕನ ಮಗ ಒಂದು ಸಲ ಡಾಲ್‌ಹಾರ್ಟ್‌ನ ಆ ಕೈದಿಯ ಹಾಡಿನ ಪ್ಲೇಟು ತಂದುಕೊಟ್ಟ. ಅಷ್ಟು ಮಾರಾಟವಾದದ್ದರಿಂದ ಅದು ಅಲ್ಲಿ ಈಗಲೂ ಪುಡಿಗಾಸಿಗೆ ಸಿಗುತ್ತದೆ. ಜಿಡ್ಡು ಹೋಗಲಿ ಅಂತ ನಾನು ಸ್ಪಿರಿಟ್ ಹಾಕಿ ಒರೆಸಿದೆ. ಬಟ್ಟೆ ಕಪ್ಪಾಯಿತು. ಎಂಥ ಕೊಳೆ ಅಂದುಕೊಂಡು ಇನ್ನೂ ಸ್ವಲ್ಪ ಉಜ್ಜಿದೆ. ಬಾಗಿಲಿಗೆ ಫ್ರೆಂಚ್ ಪಾಲಿಶ್ ಹೊಡೆಯುವವರು ಅರಗು ಕರಗಿಸುವುದೇ ಸ್ಪಿರಿಟ್‌ನಲ್ಲಿ ಅನ್ನುವುದು ಆಮೇಲೆ ನೆನಪಾಯಿತು. ಬಟ್ಟೆಗೆ ಬಂದದ್ದು ಕೊಳೆಯಲ್ಲ, ಹಾಡು.